ಅಂಗಿಯ ಮೇಲೊಂದು ದಿಗಿಣ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಕ್ಷಗಾನದ ಚಿತ್ರವಿರುವ ಟೀ ಶರ್ಟು ಈಗ ಅಪರೂಪವಲ್ಲ. ಆದರೆ ಹೆಚ್ಚಿನವುಗಳಲ್ಲಿ ಕಾಣುವುದು ಒಂದು ಕಿರೀಟ, ಅದರ ಕೆಳಗೊಂದು ಮೋರೆ, ದಪ್ಪ ಮೀಸೆ. ಕುತ್ತಿಗೆಯಿಂದ ಕೆಳಗೆ ವೇಷಧಾರಿಯೇ ಇಲ್ಲ. ಬಡಗುತಿಟ್ಟಿನ ಸೀಮೆಯಲ್ಲಿ ಕಾಲಿಲ್ಲದ ಕುಣಿತ! ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933-2017) ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದವರು. ಅವರ ಭಸ್ಮಾಸುರನನ್ನು ನೋಡಿದವರ ನೆನಪಿನಲ್ಲಿ ಉಳಿದಿರುವುದು ಬರೀ ಮುಖವೇ?

ಕುಣಿಯುವವನನ್ನು ಬರೆಯುವುದು ಕಷ್ಟ, ನಿಜ. ಫೋಟೋ ನೋಡಿ ಬರೆದರೆ ಮೈ ಮರಗಟ್ಟಿದಂತೆ ಕಾಣುತ್ತದೆ. ಮೊದಲು ಹಿಮ್ಮಡಿಯಿಂದ ಮುಂದಲೆಯವರೆಗೆ ಪೆನ್ಸಿಲಿನಲ್ಲಿ ಒಂದೇ ಓರೆಗೆರೆ ಎಳೆಯಬೇಕು. ಭಾರ ಯಾವ ಕಾಲಿನ ಮೇಲಿದೆ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಉಳಿದದ್ದಕ್ಕೆ ಶಾಲೆಯ ಜಡತ್ವದ ಪಾಠ ಸಾಕು. ಮೈ ತಿರುಗಿದಾಗ ಹೆಗಲ ಮೇಲಿನ ವಸ್ತ್ರ, ಸೊಂಟದಿಂದ ಇಳಿಬಿದ್ದ ಸೆರಗು ಒಂದು ಕ್ಷಣ ಹಿಂದೆ ಉಳಿಯುತ್ತವೆ. ದೇಹ ಬಲಕ್ಕೆ, ಬಟ್ಟೆ ಎಡಕ್ಕೆ. ಅಷ್ಟು ತೋರಿಸಿದರೆ ಚಿತ್ರ ತಿರುಗತೊಡಗುತ್ತದೆ. ಕಸೆ ಸೀರೆಯ ಚೌಕಳಿಯನ್ನು ಮಾತ್ರ ಸ್ಕೇಲು ಇಟ್ಟು ಎಳೆಯಬಾರದು. ತೊಡೆಯ ಮೇಲೆ ಚೌಕಗಳೂ ಬಾಗಬೇಕು.

ಇನ್ನು ಬಣ್ಣ. ಚೌಕಿಯಲ್ಲಿ ಹಿಂದೆ ಅರದಾಳ, ಇಂಗಳೀಕ, ಕಾಡಿಗೆಗಳನ್ನು ಎಣ್ಣೆಯಲ್ಲಿ ಕಲಸಿ ಮುಖಕ್ಕೆ ಹಚ್ಚುತ್ತಿದ್ದರು. ಎಣ್ಣೆಯ ಬಣ್ಣ ಬೆವರಿಗೆ ಬಗ್ಗುವುದಿಲ್ಲ. ಜಲವರ್ಣದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಗೋಂದು. ಗೋಂದು ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಜಲವರ್ಣದಿಂದ ನೇರವಾಗಿ ಅಂಗಿಯ ಮೇಲೆ ಬರೆದ ಅಭಿಮನ್ಯು ಮೊದಲ ಒಗೆತಕ್ಕೇ ಚಕ್ರವ್ಯೂಹದಲ್ಲಿ ಸಿಕ್ಕಂತೆ. ಅಲ್ಲದೆ ಬತ್ತಿ ಎಣ್ಣೆಯನ್ನು ಏರಿಸುವ ಹಾಗೆ ಹತ್ತಿಯ ನೂಲು ಬಣ್ಣದ ನೀರನ್ನು ಎಳೆದುಕೊಂಡು ಅಂಚು ಕದಡುತ್ತದೆ. ಹಾಗಾಗಿ ಕಾಗದದ ಮೇಲೆ ಬರೆದು ಆಮೇಲೆ ಮುದ್ರಿಸುವುದೇ ದಾರಿ.

ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಪರದೆ ಬೇಕು. ಜಲವರ್ಣದ ಸೊಗಸೆಲ್ಲ ಒಂದು ಬಣ್ಣ ಇನ್ನೊಂದರೊಳಗೆ ಮೆಲ್ಲಗೆ ಕರಗುವುದರಲ್ಲಿದೆ. ಪರದೆಗೆ ಆ ಮೆಲುಪು ಗೊತ್ತಿಲ್ಲ, ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕೊಡಬೇಕು. ಡಿಜಿಟಲ್ ಯಂತ್ರಗಳು ಎಲ್ಲ ಛಾಯೆಗಳನ್ನೂ ಒಮ್ಮೆಗೇ ಅಚ್ಚೊತ್ತುತ್ತವೆ. ಆದರೆ ಸಂಘದವರು ನೂರಿನ್ನೂರು ಅಂಗಿ ಮಾಡಿಸುವಾಗ ಪರದೆಯೇ ಅಗ್ಗ.

ಇಲ್ಲಿ ಸಿದ್ದಾಪುರದ ದೀವರ ಹೆಂಗಸರ ಹಸೆ ಚಿತ್ತಾರವನ್ನು ಒಮ್ಮೆ ನೋಡಬೇಕು. ಕೆಮ್ಮಣ್ಣಿನ ನೆಲ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚದಿಂದ ನಾಲ್ಕೇ ಬಣ್ಣದಲ್ಲಿ ಇಡೀ ಮದುವೆಯ ಹಸೆ ಮೂಡುತ್ತದೆ. ವೇಷಕ್ಕೂ ಕೆಂಪು, ಹಳದಿ, ಕಪ್ಪು ಮೂರು ಸಾಕು. ಬಿಳಿ ಅಂಗಿಯಾದರೆ ಬಿಳಿ ಪುಕ್ಕಟೆ. ಕರಿ ಅಂಗಿಯಾದರೆ ಅಡಿಯಲ್ಲಿ ಬಿಳಿಯನ್ನು ಮೊದಲು ಒತ್ತಿಸಬೇಕು, ಇಲ್ಲವೆಂದರೆ ಕೆಂಪು ಮಂಕಾಗುತ್ತದೆ. ನೀರಾಗಿ ಹರಿಯುವ ಛಾಯೆಯನ್ನು ಹಾರುವ ಸೆರಗಿನ ಒಂದು ಕಡೆಗೆ ಮಾತ್ರ ಉಳಿಸಿಕೊಳ್ಳಬಹುದು. ಅಷ್ಟು ಚುಕ್ಕೆಯನ್ನು ಪರದೆ ತಾಳುತ್ತದೆ.

ಕೊನೆಗೆ ಅಳತೆ. ಚಿತ್ರ ಎದೆಯ ಮೇಲೆಯೇ ಮುಗಿಯಬೇಕು. ಹೊಟ್ಟೆಯವರೆಗೆ ಇಳಿಸಿದರೆ, ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಳ್ಳುವವರು ವೇಷಧಾರಿಯ ಕಾಲನ್ನು ಮತ್ತೊಮ್ಮೆ ಕತ್ತರಿಸಿಬಿಡುತ್ತಾರೆ.