ಬೊಜ್ಜಿನ ಮಾಪನ ಮತ್ತು ತೂಕ ಇಳಿಕೆಯ ಶಸ್ತ್ರಚಿಕಿತ್ಸೆ

ಕಿಲೋಗ್ರಾಂಗಳಲ್ಲಿನ ತೂಕವನ್ನು ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯೇ ದೇಹ ದ್ರವ್ಯರಾಶಿ ಸೂಚ್ಯಂಕ ಅಥವಾ ಬಿಎಂಐ. ತೂಕ ಇಳಿಕೆಯ ಶಸ್ತ್ರಚಿಕಿತ್ಸೆಗೆ ಅರ್ಹತೆಯನ್ನು ಮುಖ್ಯವಾಗಿ ಇದರಿಂದಲೇ ನಿರ್ಧರಿಸಲಾಗುತ್ತದೆ. 19ನೆಯ ಶತಮಾನದಲ್ಲಿ ಈ ಸೂತ್ರವನ್ನು ರೂಪಿಸಿದ ಬೆಲ್ಜಿಯಂನ ಅಡಾಲ್ಫ್ ಕೆಟಲೆ ಅವರ ಉದ್ದೇಶ ಜನಸಮುದಾಯದ ಅಧ್ಯಯನವಾಗಿತ್ತೇ ಹೊರತು ರೋಗಿಯ ಚಿಕಿತ್ಸೆಯಾಗಿರಲಿಲ್ಲ.

ಬದಲಾದ ಮಾನದಂಡಗಳು

ಅಮೆರಿಕದಲ್ಲಿ 1991ರಲ್ಲಿ ರೂಪುಗೊಂಡ ಒಮ್ಮತದ ಪ್ರಕಾರ ಬಿಎಂಐ 40 ಅಥವಾ ಹೆಚ್ಚು ಇರುವವರು, ಇಲ್ಲವೇ 35 ದಾಟಿದ್ದು ಗಂಭೀರ ಸಹರೋಗವುಳ್ಳವರು ಶಸ್ತ್ರಚಿಕಿತ್ಸೆಗೆ ಅರ್ಹರು. 2022ರಲ್ಲಿ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘಟನೆಗಳು ಈ ಮಿತಿಯನ್ನು ಸಹರೋಗವಿಲ್ಲದವರಿಗೂ 35ಕ್ಕೆ, ಟೈಪ್ 2 ಮಧುಮೇಹಿಗಳಿಗೆ 30ಕ್ಕೆ ಇಳಿಸಿದವು. ಏಷ್ಯಾದವರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹ ಕಾಣಿಸಿಕೊಳ್ಳುವುದರಿಂದ ಅವರಿಗೆ 27.5 ಎಂದು ಸೂಚಿಸಲಾಯಿತು.

ಬಿಎಂಐ ಕೊಬ್ಬನ್ನು ಸ್ನಾಯುವಿನಿಂದ ಬೇರ್ಪಡಿಸಿ ತೋರಿಸುವುದಿಲ್ಲ. ಹೊಟ್ಟೆಯ ಕೊಬ್ಬಿನ ಪ್ರಮಾಣವನ್ನೂ ತಿಳಿಸುವುದಿಲ್ಲ. ಆದ್ದರಿಂದ 2025ರ ಲ್ಯಾನ್ಸೆಟ್ ಆಯೋಗವು ಸೊಂಟದ ಸುತ್ತಳತೆಯಂತಹ ಅಳತೆಗಳನ್ನೂ, ಅಂಗಾಂಗಗಳಿಗೆ ಆಗಿರುವ ಹಾನಿಯನ್ನೂ ಪರಿಗಣಿಸಬೇಕೆಂದು ಹೇಳಿತು.

ಭಾರತದಲ್ಲಿ

ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಪ್ರಕಟಿಸಿದ ಪ್ರಮಾಣಿತ ಷರತ್ತು 1991ರ ಮಿತಿಗಳನ್ನೇ ಅನುಸರಿಸುತ್ತದೆ. 165 ಸೆಂ.ಮೀ. ಎತ್ತರ, 90 ಕಿ.ಗ್ರಾಂ ತೂಕದ ಮಧುಮೇಹಿಯ ಬಿಎಂಐ ಸುಮಾರು 33. ಮಧುಮೇಹ ಹತೋಟಿಗೆ ಬಾರದಿದ್ದರೂ ಆ ಷರತ್ತಿನಂತೆ ಅವರಿಗೆ ವಿಮಾ ಹಣ ದೊರೆಯದು. ತೂಕ ಇನ್ನೂ ಐದಾರು ಕಿ.ಗ್ರಾಂ ಏರಿದರೆ ದೊರೆಯಬಹುದು. ರೋಗ ಉಲ್ಬಣಿಸಿದ ಮೇಲೆಯೇ ನೆರವು ಎಂಬ ಈ ವೈಪರೀತ್ಯಕ್ಕೆ ವೈದ್ಯಕೀಯ ಮಾನದಂಡಕ್ಕೂ ವಿಮೆಯ ಮಾನದಂಡಕ್ಕೂ ಇರುವ ಅಂತರವೇ ಕಾರಣ.