ಮೊದಲು ಅಯಸ್ಕಾಂತ ಹಿಡಿದು ನೋಡಿ



ಕೊಟ್ಟೂರು ತೇರಿನ ಹಿಂದಿನ ರಾತ್ರಿ ನಮ್ಮ ಅಣ್ಣ ಭಜನೆಯವರ ಜೊತೆ ಗಿಟಾರ್ ಬಾರಿಸಿದ. ತಬಲಾ, ಹಾರ್ಮೋನಿಯಂ ಸದ್ದಿನಲ್ಲಿ ಅದು ಕೇಳಲೇ ಇಲ್ಲ. ಮೈಕ್ ಹತ್ತಿರ ಹಿಡಿದರೆ ಕುಂಯ್ ಅಂತ ಕೂಗಿತು. ಎಲ್ಲರೂ ನಕ್ಕರು. ಅಣ್ಣ ಅವತ್ತು ಊಟ ಮಾಡಲಿಲ್ಲ.

ಈಗ ಶೇಂಗಾ ಕಿತ್ತ ಕೂಲಿ ಕೂಡಿಟ್ಟಾನೆ. ಅಂಗಡಿಯವರು "ದುಬಾರಿ ಪಿಕಪ್ಪೇ ತಗೋ" ಅಂದರಂತೆ. ನಾನು ಬೇಡ ಅಂತೀನಿ.

ಪಿಕಪ್ ಅಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಕೂದಲಿನಂಥ ತಾಮ್ರದ ತಂತಿಯ ಸುರುಳಿ. ಮೇಲೆ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ವವೇ ಇದು. ಸೆಲ್ ಬೇಕಿಲ್ಲ. ಮೈಕಿನಷ್ಟು ಕೂಗುವುದೂ ಇಲ್ಲ.

ನೈಲಾನ್ ತಂತಿಯಾದರೆ ಎಷ್ಟು ದುಬಾರಿ ಅಯಸ್ಕಾಂತದ ಪಿಕಪ್ ಹಾಕಿದರೂ ದನಿ ಬರಲ್ಲ. ಅದಕ್ಕೇ ಮೊದಲು ತಂತಿಗೆ ಅಯಸ್ಕಾಂತ ಹಿಡಿಯಬೇಕು. ನಮ್ಮದು ಅಂಟಿತು! ದಪ್ಪ ತಂತಿಗೆ ಕಂಚು ಸುತ್ತಿದ್ದರೆ ಒಳಗಿನ ಉಕ್ಕಷ್ಟೇ ಕೆಲಸ ಮಾಡುತ್ತದೆ, ದನಿ ಸ್ವಲ್ಪ ಕಡಿಮೆ.

ಒಂದು ಸುರುಳಿಯ ಪಿಕಪ್ ಅಗ್ಗ. ಆದರೆ ಟ್ಯೂಬ್‌ಲೈಟ್ ಹತ್ತಿರ ಗುಂಯ್ ಅನ್ನುತ್ತದೆ. ಎರಡು ಸುರುಳಿಯದು ಅಷ್ಟು ಗುಂಯ್ಗುಡಲ್ಲ, ಅದು ನಿಜ. ಆದರೆ ದೂರ ಕೂತು ಬಾರಿಸಿದರೆ ಆಯಿತಲ್ಲ? ಗಿಟಾರಿನ ದುಂಡು ತೂತಿಗೆ ಸಿಕ್ಕಿಸುವಂಥದ್ದು ಸಾಕು. ಮರ ಕೊರೆಯುವುದು ಬೇಡ.

ಉಳಿದ ದುಡ್ಡಿಗೆ ಅವ್ವನ ಕನ್ನಡಕ ಬರುತ್ತದೆ. ಒಡೆದು ತಿಂಗಳಾಯಿತು, ಅಕ್ಕಿ ಆರಿಸೋಕೆ ನನ್ನನ್ನೇ ಕರೀತಾಳೆ.

ಇದು ನನ್ನ ಅಭಿಪ್ರಾಯ. ನೀವೇನಂತೀರಿ? ಕೆಳಗೆ ಬರೆಯಿರಿ.

— 7ನೇ ತರಗತಿ ವಿದ್ಯಾರ್ಥಿ