ಬದುಕಿ ಬಂದ ಸೈನಿಕನಿಗೂ ಒಂದು ಹೆಸರು ಬೇಕು



ದೇಶಕ್ಕಾಗಿ ಸೈನಿಕ ಪ್ರಾಣ ಕೊಟ್ಟರೆ ಅವನ ಹೆಸರು ಕಲ್ಲಿನ ಮೇಲೆ ಬರುತ್ತದೆ. ಅದೇ ಸೈನಿಕ ಬದುಕಿ ಊರಿಗೆ ಬಂದರೆ? ಈ ಪ್ರಶ್ನೆಯನ್ನು ಈ ಸಲದ ಗೋಡೆಪತ್ರಿಕೆಯಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಪೂರ್ತಿ ಓದಿ. ಒಪ್ಪಿಗೆ ಆಗದಿದ್ದರೆ ಮುಂದಿನ ಸಂಚಿಕೆಗೆ ಉತ್ತರ ಬರೆದುಕೊಡಿ. ಜಗಳ ಬೇಡ, ವಾದ ಇರಲಿ.

ಮೊದಲು ಮಡಿದವರ ಮಾತು. ದೆಹಲಿಯಲ್ಲಿ ಇಂಡಿಯಾ ಗೇಟ್ ಹತ್ತಿರ 2019ರ ಫೆಬ್ರವರಿ 25ರಂದು ರಾಷ್ಟ್ರೀಯ ಯುದ್ಧ ಸ್ಮಾರಕದ ಉದ್ಘಾಟನೆ ಆಯಿತು. ಸ್ವಾತಂತ್ರ್ಯ ಬಂದ ಮೇಲೆ ಪ್ರಾಣ ಕೊಟ್ಟ 25,000ಕ್ಕೂ ಹೆಚ್ಚು ಸೈನಿಕರ ಹೆಸರನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿದ್ದಾರೆ. 1999ರ ಕಾರ್ಗಿಲ್ ಯುದ್ಧದಲ್ಲಿ ಮಡಿದ 527 ಜನರನ್ನು ನಾವು ಪ್ರತಿ ಜುಲೈ 26ರಂದು ನೆನೆಯುತ್ತೇವೆ. ಇದು ಆಗಲೇಬೇಕು. ಇದಕ್ಕೆ ಯಾರ ತಕರಾರೂ ಇಲ್ಲ.

ಆದರೆ ಯುದ್ಧಕ್ಕೆ ಹೋದವರೆಲ್ಲ ಮಡಿಯುವುದಿಲ್ಲ. ಬಹಳಷ್ಟು ಜನ ತಿರುಗಿ ಬರುತ್ತಾರೆ. ಟ್ರಂಕು ಇಳಿಸುತ್ತಾರೆ, ಹೊಲ ನೋಡುತ್ತಾರೆ, ಇಲ್ಲವೇ ಪಟ್ಟಣದಲ್ಲಿ ಬ್ಯಾಂಕಿನ ಬಾಗಿಲಿಗೆ ಕಾವಲು ನಿಲ್ಲುತ್ತಾರೆ. ನಾವು ಅವರನ್ನು "ಮಿಲ್ಟ್ರಿ ಕಾಕಾ" ಅಂತ ಕರೆಯುತ್ತೇವೆ. ಅವರು ಎಲ್ಲಿ ಇದ್ದರು, ಏನು ಕಂಡರು ಅಂತ ಕೇಳುವವರು ಕಡಿಮೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಮಾಡಿದ್ದಲ್ಲ.

ಇತಿಹಾಸ ತೆಗೆದು ನೋಡಿದರೆ ಹಿಂದಿನ ಕಾಲದವರು ಎರಡೂ ಮಾಡುತ್ತಿದ್ದರು. ಹೋರಾಡಿ ಮಡಿದವನಿಗೆ ವೀರಗಲ್ಲು ನಿಲ್ಲಿಸಿ, ಅವನ ಮನೆಯವರಿಗೆ ಭೂಮಿ ಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಗೆದ್ದು ಬದುಕಿ ಬಂದ ವೀರನಿಗೆ ಅವನ ಕತ್ತಿ ತೊಳೆದು ಕೊಡುವ ದತ್ತಿ ಬೇರೆಯೇ ಇತ್ತು. ಅದಕ್ಕೆ ಬಾಳ್ಗಚ್ಚು ಎಂದು ಹೆಸರು. ಬಾಳ್ ಅಂದರೆ ಕತ್ತಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನದಲ್ಲಿ ಇದು ಬರುತ್ತದೆ. ತಕ್ಕೋಲದ ಯುದ್ಧದಲ್ಲಿ ಚೋಳರ ಮೇಲೆ ಹೋರಾಡಿದ ಮಣಲೆರ ಎಂಬ ವೀರನಿಗೆ ಗಂಗರ ಬೂತುಗ ಮೆಚ್ಚಿ "ಬೇಕಾದ್ದು ಕೇಳು" ಅಂದನಂತೆ. ಮಣಲೆರ ಕೇಳಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು! ಬೂತುಗ ನಾಯಿಯನ್ನೂ ಕೊಟ್ಟ, ಬಾಳ್ಗಚ್ಚಾಗಿ ಊರುಗಳನ್ನೂ ಕೊಟ್ಟ. ಅಂದರೆ ಸಾವಿರ ವರ್ಷದ ಹಿಂದೆಯೇ ಕನ್ನಡ ನಾಡಿನಲ್ಲಿ ಮಡಿದವನಿಗೆ ಒಂದು, ಬದುಕಿದವನಿಗೆ ಒಂದು, ಹೀಗೆ ಎರಡು ಬಗೆಯ ಗೌರವ ಇತ್ತು.

ಈಗಲೂ ಸರಕಾರ ಏನೂ ಮಾಡಿಲ್ಲ ಅಂತಲ್ಲ. 1949ರಿಂದ ಪ್ರತಿ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಡೆಯುತ್ತಿದೆ. ಆ ದಿನ ಸಂಗ್ರಹಿಸುವ ಹಣ ಸೈನಿಕರ, ಮಾಜಿ ಸೈನಿಕರ ಮತ್ತು ಅವರ ಕುಟುಂಬದವರ ಕಲ್ಯಾಣಕ್ಕೆ ಹೋಗುತ್ತದೆ. 2016ರಿಂದ ಜನವರಿ 14ರಂದು ಮಾಜಿ ಸೈನಿಕರ ದಿನವನ್ನೂ ಆಚರಿಸುತ್ತಿದ್ದಾರೆ. ಆ ದಿನವನ್ನೇ ಯಾಕೆ ಆರಿಸಿದರು ಗೊತ್ತೇ? ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರು, 1949ರಲ್ಲಿ ಭಾರತ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು, 1953ರ ಜನವರಿ 14ರಂದು ನಿವೃತ್ತರಾದರು. ದೊಡ್ಡ ಹುದ್ದೆಯಿಂದ ಇಳಿದ ಮೇಲೂ ಅವರು ನಿವೃತ್ತ ಸೈನಿಕರ ಕಷ್ಟಸುಖದ ಬಗ್ಗೆ ದುಡಿದರು. ಆದರೆ ಜನವರಿ 14 ಅಂದರೆ ನಮಗೆ ಸಂಕ್ರಾಂತಿಯ ಗದ್ದಲ. ಕುಸುರೆಳ್ಳು ಹಂಚುವುದರಲ್ಲಿ, ನದಿಗೆ ಹೋಗಿ ಬುತ್ತಿ ಉಣ್ಣುವುದರಲ್ಲಿ ಕಾರ್ಯಪ್ಪನವರ ದಿನ ಮರೆತೇ ಹೋಗುತ್ತದೆ.

ಇಷ್ಟೆಲ್ಲ ದಿನಾಚರಣೆ ಇದ್ದರೂ ಮಾಜಿ ಸೈನಿಕರು ತಮ್ಮ ಹಕ್ಕಿಗೆ ಬೀದಿಗೆ ಬರಬೇಕಾಯಿತು. ಒಂದೇ ದರ್ಜೆಯಲ್ಲಿ ಅಷ್ಟೇ ವರ್ಷ ದುಡಿದ ಇಬ್ಬರು ಬೇರೆ ಬೇರೆ ವರ್ಷ ನಿವೃತ್ತರಾದರೆ, ಮೊದಲು ಬಂದವರಿಗೆ ಕಡಿಮೆ ಪೆನ್ಷನ್, ಆಮೇಲೆ ಬಂದವರಿಗೆ ಹೆಚ್ಚು. ಇದು ಸರಿಯಲ್ಲ, ಒಂದೇ ದರ್ಜೆಗೆ ಒಂದೇ ಪೆನ್ಷನ್ ಕೊಡಿ ಎಂದು 2015ರ ಜೂನ್‌ನಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಆ ವರ್ಷ ನವೆಂಬರ್ 7ರಂದು ಆದೇಶ ಹೊರಬಿತ್ತು, 2014ರ ಜುಲೈ 1ರಿಂದ ಅನ್ವಯವಾಯಿತು. ಕೇಳಿದ್ದೆಲ್ಲ ಸಿಗಲಿಲ್ಲ ಅನ್ನುವವರು ಇದ್ದಾರೆ. ಆದರೂ ಒಂದು ಮಾತು ಗಮನಿಸಿ. ಅವರಿಗೆ "ಮಾಜಿ ಸೈನಿಕ" ಎಂಬ ಹೆಸರು ಕಾಗದದ ಮೇಲೆ ಇತ್ತು. ಆ ಹೆಸರು ಹಿಡಿದುಕೊಂಡೇ ಅವರು ಕೇಳಿದರು. ಹೆಸರೇ ಇಲ್ಲದವನು ಏನು ಹಿಡಿದುಕೊಂಡು ಕೇಳಬೇಕು?

ಇಲ್ಲಿಗೆ ನನ್ನ ಮುಖ್ಯ ವಿಷಯಕ್ಕೆ ಬಂದೆ. ಅದು ಅಗ್ನಿವೀರರ ವಿಷಯ.

2022ರ ಜೂನ್ 14ರಂದು ಕೇಂದ್ರ ಸರಕಾರ ಅಗ್ನಿಪಥ ಯೋಜನೆ ಪ್ರಕಟಿಸಿತು. ಹದಿನೇಳೂವರೆ ವರ್ಷದಿಂದ ಇಪ್ಪತ್ತೊಂದರ ಒಳಗಿನವರು ನಾಲ್ಕು ವರ್ಷಕ್ಕೆ ಸೇನೆ ಸೇರಬಹುದು ಎಂದಿತು. ಮೊದಲ ವರ್ಷಕ್ಕೆ ಮಾತ್ರ ವಯಸ್ಸನ್ನು 23ರವರೆಗೆ ಸಡಿಲಿಸಿದರು. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೇ ವರ್ಷ 40,000. ಅದರಲ್ಲಿ ನೂರಕ್ಕೆ 30ರಷ್ಟು ಹಿಡಿದು, ಅಷ್ಟನ್ನೇ ಸರಕಾರವೂ ಹಾಕಿ, ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಎಂದು ಕೊಡುವುದು. ನಾಲ್ಕು ವರ್ಷ ಆದ ಮೇಲೆ ನೂರಕ್ಕೆ 25 ಜನರವರೆಗೆ ಕಾಯಂ, ಉಳಿದವರು ಮನೆಗೆ. ಪೆನ್ಷನ್ ಇಲ್ಲ, ಗ್ರಾಚ್ಯುಟಿ ಇಲ್ಲ. ವಾಯುಪಡೆ ಆ ತಿಂಗಳೇ ಹೊರಡಿಸಿದ ವಿವರಗಳಲ್ಲಿ ಇನ್ನೂ ಸ್ಪಷ್ಟವಾಗಿ ಬರೆದಿತ್ತು: ಇವರಿಗೆ ಮಾಜಿ ಸೈನಿಕರ ಆಸ್ಪತ್ರೆ ಯೋಜನೆ ಇಲ್ಲ, ಕ್ಯಾಂಟೀನ್ ಇಲ್ಲ, "ಮಾಜಿ ಸೈನಿಕ" ಎಂಬ ದರ್ಜೆಯೂ ಇಲ್ಲ.

ಆಸ್ಪತ್ರೆ, ಕ್ಯಾಂಟೀನು ಹಣದ ಮಾತು. ಅದನ್ನು ಪಕ್ಕಕ್ಕೆ ಇಡೋಣ. ಹೆಸರನ್ನೂ ಕೊಡುವುದಿಲ್ಲ ಅಂದರೆ ಏನರ್ಥ?

ನಮ್ಮೂರ ಕಡೆ ನಸುಕಿನ ಐದು ಗಂಟೆಗೆ ಕೆನಾಲ್ ರಸ್ತೆಗೆ ಹೋಗಿ ನೋಡಿ. ಅಣ್ಣಂದಿರು ಓಡುತ್ತಿರುತ್ತಾರೆ. 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಮುಗಿಸಿದರೆ ಪೂರ್ತಿ ಅಂಕ. ಒಂಬತ್ತು ಅಡಿ ಹಳ್ಳ ಜಿಗಿಯಬೇಕು, ಕಂಬಕ್ಕೆ ಜೋತು ಹತ್ತು ಸಲ ಮೈ ಎತ್ತಬೇಕು. ಇವರಲ್ಲಿ ಯಾರೂ "ನಾನು ನಾಲ್ಕು ವರ್ಷದ ನೌಕರಿಗೆ ಹೋಗ್ತೀನಿ" ಅನ್ನುವುದಿಲ್ಲ. "ಆರ್ಮಿಗೆ ಹೋಗ್ತೀನಿ" ಅನ್ನುತ್ತಾರೆ. ಅಕ್ಕಂದಿರೂ ಹಿಂದೆ ಬಿದ್ದಿಲ್ಲ. 2023ರ ಮಾರ್ಚ್‌ನಲ್ಲಿ ಒಡಿಶಾದ ಚಿಲ್ಕಾದಲ್ಲಿ ತರಬೇತಿ ಮುಗಿಸಿದ ನೌಕಾಪಡೆಯ ಮೊದಲ ಅಗ್ನಿವೀರರ ತಂಡದಲ್ಲಿ ಹೆಣ್ಣುಮಕ್ಕಳೂ ಇದ್ದರು.

ಗಡಿಗೆ ಹೋದ ಮೇಲೆ ಇವರ ಕೆಲಸ ಬೇರೆಯೇ? ಸಿಯಾಚಿನ್ನಿನ ಚಳಿ ಇವನು ಹದಿನೈದು ವರ್ಷದವನು, ಇವನು ನಾಲ್ಕು ವರ್ಷದವನು ಅಂತ ನೋಡಿ ಕಡಿಮೆ ಆಗುತ್ತದೆಯೇ? 2023ರ ಅಕ್ಟೋಬರ್‌ನಲ್ಲಿ ಸಿಯಾಚಿನ್ನಿನಲ್ಲಿ ಕರ್ತವ್ಯದ ಮೇಲಿದ್ದ ಒಬ್ಬ ಅಗ್ನಿವೀರ ಪ್ರಾಣ ಬಿಟ್ಟ. ಸೇನೆ ಅವನಿಗೆ ಗೌರವ ಸಲ್ಲಿಸಿತು. ಸರಿಯಾದದ್ದೇ ಮಾಡಿತು. ಆದರೆ ಅದೇ ಹಿಮದಲ್ಲಿ ಅವನ ಪಕ್ಕ ನಿಂತಿದ್ದ ಇನ್ನೊಬ್ಬ ಅಗ್ನಿವೀರ ನಾಲ್ಕು ವರ್ಷ ಮುಗಿಸಿ ಊರಿಗೆ ಬಂದರೆ, 2022ರ ಆ ನಿಯಮದಂತೆ ಅವನು ಮಾಜಿ ಸೈನಿಕ ಅಲ್ಲ. ಸತ್ತರ ಸೈನಿಕ, ಬದುಕಿದರ ಬರೇ ಮಾಜಿ ಅಗ್ನಿವೀರ. ಇದ್ಯಾವ ನ್ಯಾಯ?

ನಾನು ಈ ಮಾತು ಆಡಿದಾಗ ಗೆಳೆಯರು ಮೂರು ಆಕ್ಷೇಪಣೆ ಎತ್ತಿದರು. ಅವಕ್ಕೆ ಉತ್ತರ ಹೇಳುತ್ತೇನೆ.

ಒಬ್ಬ ಅಂದ: "ನಾಕ ವರ್ಷಕ್ಕ ಹನ್ನೊಂದು ಲಕ್ಷ ಬರತೈತಿ, ಮತ್ತೇನ ಬೇಕಲೇ?" ಹಣ ಬರುತ್ತದೆ, ಸುಳ್ಳಲ್ಲ. ಆದರೆ ಅದರಲ್ಲಿ ಅರ್ಧ ಅವನದೇ ಸಂಬಳದಿಂದ ಹಿಡಿದದ್ದು. ಮೇಲಾಗಿ ಹಣ ಕೊಟ್ಟ ಮೇಲೆ ಮಾನ ಕೊಡಬೇಕಿಲ್ಲ ಅನ್ನುವುದು ಯಾವ ಲೆಕ್ಕ? ಮದುವೆಗೆ ಬಂದವರ ಮುಯ್ಯಿ ಇಸಿದುಕೊಂಡು ಊಟಕ್ಕೆ ಕರೆಯದೆ ಕಳಿಸಿದ ಹಾಗೆ ಆಯಿತು.

ಇನ್ನೊಬ್ಬಳು ಕೇಳಿದಳು: "ಹದಿನೈದು ವರ್ಷ ದುಡಿದವರೂ ನಾಲ್ಕು ವರ್ಷ ದುಡಿದವರೂ ಒಂದೇ ಏನು?" ಒಂದೇ ಅಲ್ಲ. ಜವಾನರಿಗೆ ಸೇವಾ ಪೆನ್ಷನ್ ಸಿಗಲು ಹದಿನೈದು ವರ್ಷ ಆಗಬೇಕು ಎಂಬುದು ಹಳೆಯ ನಿಯಮ. ಅದನ್ನು ನಾಲ್ಕು ವರ್ಷದವರಿಗೂ ಕೊಡಿ ಎಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಶಾಲೆಯನ್ನೇ ನೋಡಿ. ಏಳನೇ ತರಗತಿ ಮುಗಿಸಿ ಶಾಲೆ ಬಿಟ್ಟವನೂ ನಮ್ಮ ಹಳೆಯ ವಿದ್ಯಾರ್ಥಿಯೇ. ಅವನಿಗೆ ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ಯಾರೂ ಕೊಡುವುದಿಲ್ಲ. ಹಾಗಂತ "ನೀನು ಈ ಶಾಲೆಯಲ್ಲಿ ಓದೇ ಇಲ್ಲ" ಅಂತಲೂ ಯಾರೂ ಅನ್ನುವುದಿಲ್ಲ. ಪೆನ್ಷನ್ ಮಾರ್ಕ್ಸ್ ಕಾರ್ಡ್ ಇದ್ದ ಹಾಗೆ, "ಮಾಜಿ ಸೈನಿಕ" ಎಂಬುದು ಹಳೆಯ ವಿದ್ಯಾರ್ಥಿ ಎಂಬ ಮಾತು ಇದ್ದ ಹಾಗೆ. ಎರಡನ್ನೂ ಒಂದಕ್ಕೊಂದು ಗಂಟು ಹಾಕಿದ್ದೇ ತೊಂದರೆಯ ಮೂಲ.

ಬ್ರಿಟನ್ ದೇಶದಲ್ಲಿ ಸೇನೆಯಲ್ಲಿ ಒಂದೇ ಒಂದು ದಿನ ಸೇವೆ ಮಾಡಿದವರನ್ನೂ ಸರಕಾರ ಮಾಜಿ ಸೈನಿಕ ಎಂದೇ ಎಣಿಸುತ್ತದೆ. ಹಾಗಂತ ಒಂದು ದಿನಕ್ಕೆ ಅಲ್ಲಿ ಯಾರಿಗೂ ಪೂರ್ತಿ ಪೆನ್ಷನ್ ಸಿಗುವುದಿಲ್ಲ. ಹೆಸರು ಬೇರೆ, ಹಣ ಬೇರೆ ಎಂದು ಅವರು ಬಿಡಿಸಿ ಇಟ್ಟಿದ್ದಾರೆ. ನಮ್ಮಿಂದ ಯಾಕೆ ಆಗಬಾರದು?

ಮೂರನೆಯ ಆಕ್ಷೇಪಣೆ ತೂಕದ್ದು. ಸರಕಾರದ ಕಷ್ಟವನ್ನೂ ನೋಡಬೇಕಲ್ಲ ಅಂದರು. ನಿಜ. 2022–23ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟಿದ್ದ ಸುಮಾರು 5.25 ಲಕ್ಷ ಕೋಟಿ ರೂಪಾಯಿಯಲ್ಲಿ ಸುಮಾರು 1.19 ಲಕ್ಷ ಕೋಟಿ ಪೆನ್ಷನ್ನಿಗೇ ಹೋಗುತ್ತಿತ್ತು. ಸೇನೆಯಲ್ಲಿ ಹುಡುಗರು ಹೆಚ್ಚು ಇರಬೇಕು ಎಂಬುದೂ ಹೊಸ ಮಾತಲ್ಲ. ಕಾರ್ಗಿಲ್ ಯುದ್ಧದ ನಂತರ ಕೂತ ಪರಿಶೀಲನಾ ಸಮಿತಿಯೂ ಹದಿನೇಳು ವರ್ಷದ ಸೇವೆಯನ್ನು ಏಳರಿಂದ ಹತ್ತು ವರ್ಷಕ್ಕೆ ಇಳಿಸಬಹುದು ಎಂದಿತ್ತು. ಅಗ್ನಿವೀರ ಸೇವೆಯಲ್ಲಿ ಇರುವಾಗ ಮಡಿದರೆ 48 ಲಕ್ಷದ ವಿಮೆ ಇದೆ. ಅರೆಸೇನಾ ಪಡೆಗಳಲ್ಲಿ ನೂರಕ್ಕೆ 10 ಹುದ್ದೆ ಮೀಸಲು ಎಂದು 2022ರಲ್ಲೇ ಘೋಷಿಸಿದರು. ಇವೆಲ್ಲ ಒಳ್ಳೆಯವೇ. ಆದರೆ ವಿಮೆ ಮಡಿದವನ ಮನೆಗೆ, ಮೀಸಲು ಹುದ್ದೆ ಅದು ಸಿಕ್ಕವನಿಗೆ. ಎರಡೂ ಅಲ್ಲದವನು ಹೊಲದ ಬದುವಿನ ಮೇಲೆ ನಿಂತಿದ್ದಾನೆ. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ. ಅವನಿಗೆ "ನೀನು ಈ ದೇಶದ ಸೈನಿಕನಾಗಿದ್ದೆ" ಎಂದು ಸರಕಾರ ಬರೆದುಕೊಡಲು ಖಜಾನೆ ಖಾಲಿ ಆಗುವುದಿಲ್ಲ. ಜೊತೆಗೆ ಸೇವೆಯಲ್ಲಿ ಆದ ಗಾಯಕ್ಕೆ, ಕಾಯಿಲೆಗೆ ಆಮೇಲೂ ಔಷಧೋಪಚಾರ ಸಿಗಲಿ. ನಾನು ಕೇಳುವುದು ಇಷ್ಟೇ.

ಮೊದಲ ತಂಡದವರು 2022ರ ಕೊನೆಗೆ ಮತ್ತು 2023ರ ಆರಂಭಕ್ಕೆ ತರಬೇತಿ ಸೇರಿದರು. ನಾಲ್ಕು ಕೂಡಿಸಿ ನೋಡಿ. 2026ರ ಕೊನೆ, 2027ರ ಆರಂಭ. ಊರೂರಿಗೆ ಟ್ರಂಕು ಇಳಿಯುವ ಕಾಲ ಅದು. ಇವರನ್ನು ಏನೆಂದು ಕರೆಯಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿದರೆ ಒಳ್ಳೆಯದು. ಒಂದು ವೇಳೆ ನಿಯಮ ಬದಲಾದರೆ ನನ್ನಷ್ಟು ಸಂತೋಷಪಡುವವರು ಯಾರೂ ಇರಲಿಕ್ಕಿಲ್ಲ.

"ದಿಲ್ಲಿಯ ಕಾಯ್ದೆಗೆ ನಮ್ಮ ಸಾಲಿ ಹುಡುಗರು ಏನ ಮಾಡ್ತೀರಿ?" ಅಂತ ನೀವು ನಗಬಹುದು. ನಮ್ಮಿಂದ ಆಗುವ ಮೂರು ಕೆಲಸ ಹೇಳುತ್ತೇನೆ.

ಒಂದು, ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ನಾವು ಶೌಚಾಲಯ, ಕುಡಿಯುವ ನೀರು, ಬಸ್ಸು ಕೇಳುತ್ತೇವೆ. ಈ ಸಲ ಇನ್ನೊಂದು ಕೇಳೋಣ. ನಮ್ಮ ಪಂಚಾಯಿತಿಯಿಂದ ಸೇನೆಗೆ ಹೋಗಿ ಬಂದ ಎಲ್ಲರ ಹೆಸರು, ಸೇವೆ ಮಾಡಿದ ವರ್ಷ ಬರೆದ ಒಂದು ಪಟ್ಟಿ ಪಂಚಾಯಿತಿ ಕಚೇರಿಯಲ್ಲಿ ಇರಲಿ. ಹದಿನೇಳು ವರ್ಷದವರು, ನಾಲ್ಕು ವರ್ಷದವರು ಎಲ್ಲರೂ ಒಂದೇ ಪಟ್ಟಿಯಲ್ಲಿ.

ಎರಡು, ಅಗ್ನಿವೀರರಿಗೂ ಮಾಜಿ ಸೈನಿಕ ದರ್ಜೆ ಸಿಗಬೇಕೆಂದು ದೊಡ್ಡವರ ಗ್ರಾಮಸಭೆಯಲ್ಲಿ ಠರಾವು ಮಾಡಿ ನಮ್ಮ ಸಂಸದರಿಗೆ ಕಳಿಸಲು ಹಿರಿಯರನ್ನು ಕೇಳೋಣ. ಕಾಯ್ದೆ ಮಾಡುವ ಸಭೆಯಲ್ಲಿ ಕೂತವರು ನಮ್ಮ ಅಪ್ಪ ಅವ್ವನ ಓಟಿನಿಂದಲೇ ಅಲ್ಲಿ ಕೂತಿದ್ದಾರೆ.

ಮೂರು, ಸಂಕ್ರಾಂತಿಯ ರಜೆ ಮುಗಿದು ಶಾಲೆ ತೆರೆದ ದಿನ ಊರಿನ ಮಾಜಿ ಸೈನಿಕರನ್ನು ಪ್ರಾರ್ಥನೆಗೆ ಕರೆಯೋಣ. ಹಾರ ತುರಾಯಿ ಬೇಕಿಲ್ಲ, ಕುಸುರೆಳ್ಳು ಸಾಕು. ಅವರನ್ನು ಕುರ್ಚಿಯ ಮೇಲೆ ಕೂಡಿಸಿ ಸುಮ್ಮನೆ ಕಳಿಸುವುದು ಬೇಡ, ಹತ್ತು ನಿಮಿಷ ಮಾತಾಡಲು ಬಿಡೋಣ. ಗುರುಗಳು ಅನುಮತಿ ಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಮುಂದೆ ನಮ್ಮ ತರಗತಿಯವರೇ ಒಬ್ಬಿಬ್ಬರು ಆ ಕೆನಾಲ್ ರಸ್ತೆಯಲ್ಲಿ ಓಡಿ ಸೇನೆ ಸೇರಬಹುದು. ಅವರು ಹೋಗುವಾಗ ಊರೆಲ್ಲ ಬಂದು ಬಸ್ಸು ಹತ್ತಿಸುತ್ತದೆ. ಇಳಿದು ಬರುವಾಗಲೂ ಅವರಿಗೆ ಸೈನಿಕನ ಹೆಸರು ಇರಲಿ ಎಂಬುದು ನನ್ನ ಅಭಿಪ್ರಾಯ.

ಜೈ ಜವಾನ್, ಜೈ ಕಿಸಾನ್.

— ಹತ್ತನೇ ತರಗತಿ, 'ಬ' ವಿಭಾಗ